ಮಿರಜದಲ್ಲಿ ಅಕ್ಕೋರ ತಂಬೂರಿ ರಿಪೇರಿ: ಐದಕ್ಕೆ ನಾಲ್ಕು ಸ್ಟಾರ್

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ತಂಬೂರಿ ರಿಪೇರಿಗೆ ಮಹಾರಾಷ್ಟ್ರದ ಮಿರಜಕ್ಕೆ ಹೋಗಬೇಕೋ ಬೇಡವೋ ಅಂತ ಯೋಚನೆ ಮಾಡುತ್ತಾ ಕೂತಿದ್ದರೆ, ಹೋಗಿ. ನನಗೆ ಒಟ್ಟು 7,350 ರೂಪಾಯಿ ಬಿತ್ತು. ಜವಾರಿ 1,800, ತಂತಿ 450, ಕೆಳಗಿನ ದುಂಡು ಬುರುಡೆಯ ಸೀಳು 2,200, ತಂತಿ ಬಿಗಿಯುವ ಎರಡು ಹೊಸ ಖುಂಟಿಗೆ 900, ಪಾಲಿಶ್ 2,000. 8 ದಿನ ಅಂದಿದ್ದರು, 26 ದಿನ ಆಯಿತು. ಜವಾರಿ ಕೆಲಸಕ್ಕೆ ಐದಕ್ಕೆ ಐದು. ಪಾಲಿಶ್‌ಗೆ ಸೊನ್ನೆ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಅಂಗಡಿಯ ಹೆಸರು ಬರೆಯುತ್ತಿಲ್ಲ. ಬೈದದ್ದೂ ಇದೆ, ಹೊಗಳಿದ್ದೂ ಇದೆ. ಹೆಸರು ಹಾಕಿದರೆ ಬೈದದ್ದು ಮಾತ್ರ ಅವರಿಗೆ ಮುಟ್ಟುತ್ತದೆ. ಆ ಓಣಿಯಲ್ಲಿ ವಾದ್ಯದ ಅಂಗಡಿಗಳು ಒಂದರ ಪಕ್ಕ ಒಂದಿವೆ. ನಾನು ಹೋದದ್ದು ಚಿಕ್ಕದು. ಅಪ್ಪ, ಮಗ, ಇಬ್ಬರು ಕೆಲಸದವರು, ಬಾಗಿಲಲ್ಲಿ ಒಂದು ಬೆಕ್ಕು.

ಜವಾರಿ ಅಂದರೇನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮ ಹುಬ್ಬಳ್ಳಿ ಕಡೆ ಜವಾರಿ ಅಂದರೆ ನಾಟಿ. ಜವಾರಿ ಬೆಳ್ಳುಳ್ಳಿ, ಜವಾರಿ ತತ್ತಿ, ಜವಾರಿ ಮಂದಿ. ತಂಬೂರಿಯ ಜವಾರಿ ಬೇರೆ. ತಂಬೂರಿಯ ಬುರುಡೆಯ ಮುಂದೆ ಮರದ ತಬಲಿ ಇರುತ್ತದೆ. ಅದರ ಮೇಲೆ ಪುಟ್ಟ ಮಣೆಯಂಥ ಘೋಡಿ. ದಕ್ಷಿಣದವರು ಅದನ್ನೇ ಕುದುರೆ ಅನ್ನುತ್ತಾರೆ. ನಾಲ್ಕೂ ತಂತಿ ಅದರ ಬೆನ್ನ ಮೇಲೆ ಹಾದು ಹೋಗುತ್ತವೆ. ಆ ಬೆನ್ನು ನೋಡಲು ಚಪ್ಪಟೆ, ಆದರೆ ಕಣ್ಣಿಗೆ ಕಾಣದಷ್ಟು ಇಳಿಜಾರು ಇರುತ್ತದೆ. ತಂತಿ ಅಲುಗುವಾಗ ಆ ಇಳಿಜಾರನ್ನು ಸವರುತ್ತಾ ಇರುತ್ತದೆ. ಝೇಂಕಾರ ಬರುವುದು ಅದರಿಂದ. ತಂತಿಗೂ ಘೋಡಿಗೂ ನಡುವೆ ಒಂದು ನೂಲಿನ ಎಳೆ ಸಿಕ್ಕಿಸುತ್ತಾರೆ. ಅದನ್ನು ಅರ್ಧ ಕೂದಲಷ್ಟು ಆಚೆ ಈಚೆ ಸರಿಸಿದರೆ ಮಂಕಾದ ತಂತಿ ಬಾಯಿ ಬಿಡುತ್ತದೆ. ವರ್ಷಗಟ್ಟಲೆ ಮೀಟಿದ ಮೇಲೆ ತಂತಿಗಳೇ ಘೋಡಿಯಲ್ಲಿ ಗೀರು ಕೊರೆದುಕೊಳ್ಳುತ್ತವೆ. ಆಮೇಲೆ ನೂಲನ್ನು ಎಷ್ಟು ಸರಿಸಿದರೂ ಅಷ್ಟೇ. ಟಣ್ ಅಂದು ಸುಮ್ಮನಾಗುತ್ತದೆ. ಆಗ ಘೋಡಿಯನ್ನು ಮತ್ತೆ ಅರದಿಂದ ತೀಡಿ ಇಳಿಜಾರು ಕೂರಿಸಬೇಕು. ಅದೇ ಜವಾರಿ ತೆಗೆಯುವುದು.

ಈ ಕೆಲಸವನ್ನು ನಾನು ಮೊದಲು ಊರಲ್ಲೇ ಮಾಡಿಸಿದ್ದೆ. ಹಾರ್ಮೋನಿಯಂ ರಿಪೇರಿ ಮಾಡುವವರೊಬ್ಬರು 300 ರೂಪಾಯಿಗೆ ಮಾಡಿಕೊಡುತ್ತೇನೆ ಅಂದರು. ಉಸುಕಿನ ಕಾಗದ ತಗೊಂಡು ಹತ್ತು ನಿಮಿಷದಲ್ಲಿ ಘೋಡಿಯನ್ನು ಗಸಗಸ ತಿಕ್ಕಿಬಿಟ್ಟರು. ಮನೆಗೆ ತಂದು ಮೀಟಿದರೆ ಡಬ್ಬಿ ಬಡಿದ ಹಾಗೆ. ತಪ್ಪು ಅವರದಲ್ಲ. ಹಾರ್ಮೋನಿಯಂ ರಿಪೇರಿಯವರ ಕೈಗೆ ತಂಬೂರಿ ಕೊಟ್ಟಿದ್ದು ನಾನು.

ಇದು ನನ್ನ ತಂಬೂರಿಯೂ ಅಲ್ಲ. ನನ್ನ ಅಕ್ಕೋರದು.

ನಮ್ಮ ಕಡೆ ಸಾಲೆಯ ಹೆಣ್ಣು ಟೀಚರಿಗೆ ಅಕ್ಕೋರು ಅನ್ನುತ್ತೇವೆ. ಅವರು ಹಗಲು ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದರು, ಸಂಜೆ ಮನೆಯ ಪಡಸಾಲೆಯಲ್ಲಿ ಹಾಡು. ಓಣಿಯ ಮಂದಿಗೆಲ್ಲ ಅವರು ಅಕ್ಕೋರೇ. ಈಗ ಅವರಿಗೆ 84. ಈ ತಂಬೂರಿಯನ್ನು 1968ರಲ್ಲಿ ತಾವೇ ಮಿರಜಕ್ಕೆ ಹೋಗಿ ತಂದದ್ದು. ಎರಡು ತಿಂಗಳ ಪಗಾರ ಅದಕ್ಕೇ ಹೋಯಿತಂತೆ. "ಆ ವರ್ಷ ದೀಪಾವಳಿಗೆ ಸೀರಿ ಇಲ್ಲ, ಉಂಡಿ ಇಲ್ಲ. ತಂಬೂರಿ ನೋಡಕೋತ ಕುಂತಿದ್ವಿ" ಅಂತ ಹೇಳಿ ನಗುತ್ತಿದ್ದರು. ಹೋದ ವರ್ಷ ಒಂದು ದಿನ ಫೋನ್ ಮಾಡಿ ಕರೆದರು. ಬೆರಳು ಸೆಟೆದುಕೊಂಡಿವೆ, ಖುಂಟಿ ತಿರುಗಿಸಲು ಆಗುವುದಿಲ್ಲ. "ಇದನ್ನ ತಗೊಂಡು ಹೋಗವಾ. ನನ್ನ ಮಗ ಅಮೇರಿಕಾಕ್ಕ ಒಯ್ಯಾಂವಲ್ಲ, ಸೊಸಿ ಒರಸಾಕಿ ಅಲ್ಲ. ಮೂಲ್ಯಾಗ ನಿಂತು ಗೆದ್ದಲ ಹಿಡಿಯೂದು ಬ್ಯಾಡ" ಅಂದರು. ನಾನು ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರಿನಲ್ಲಿ ಕೂರುವವಳು. 19ನೇ ವಯಸ್ಸಿಗೆ ಹಾಡು ಬಿಟ್ಟವಳು. ನನಗೆ ಯಾಕೆ ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ.

ರಿಪೇರಿ ಚೆನ್ನಾಗಿದೆ ಅಂತ ನಾನು ಯಾವ ಧೈರ್ಯದ ಮೇಲೆ ಹೇಳುತ್ತಿದ್ದೇನೆ ಅಂತ ಗೊತ್ತಾಗಬೇಕಾದರೆ 1989ಕ್ಕೆ ಹೋಗಬೇಕು. ನನಗಾಗ 11 ವರ್ಷ. ಅವ್ವ ನನ್ನನ್ನು ಅಕ್ಕೋರ ಮನೆಗೆ ಸೇರಿಸಿದಳು. ಮೊದಲ ದಿನ ಸರಿಗಮ ಹೇಳಿಕೊಡುತ್ತಾರೆ ಅಂತ ಹೋದರೆ, ಹೇಳಿಕೊಡಲಿಲ್ಲ. ಚಾಪೆ ಹಾಸಿ ತಂಬೂರಿ ಪಕ್ಕ ಕೂರಿಸಿದರು. ಪ, ಸಾ, ಸಾ, ಕೆಳಗಿನ ಸಾ. ನಾಲ್ಕು ತಂತಿ ಮೀಟುತ್ತಾ, "ಇದರಾಗ ಗಂಧಾರ ಅದ, ಹುಡುಕು" ಅಂದರು.

ನಾಲ್ಕು ತಂತಿಯಲ್ಲಿ ಗ ಯಾವುದೂ ಇಲ್ಲ. ನನಗೂ ಅಷ್ಟು ಲೆಕ್ಕ ಬರುತ್ತಿತ್ತು.

"ಕೇಳಸ್ತೇನ?"

"ಹೂಂರಿ ಅಕ್ಕೋರ."

"ಹಾಡಿ ತೋರಸು."

ಬಾಯಿಗೆ ಬಂದದ್ದು ಹಾಡಿದೆ. ಅವರು ಮೀಟುವುದು ನಿಲ್ಲಿಸಲೂ ಇಲ್ಲ. "ಕೇಳಸಲಾರದ್ದಕ್ಕ ಕೇಳಸ್ತು ಅನಬಾರದು. ನಾಳಿ ಬಾ" ಅಂದರು.

ಇದು 19 ದಿನ ನಡೆಯಿತು. ದಿನಾ ಅರ್ಧ ಗಂಟೆ, ಬರೀ ಕೂರುವುದು. ಅವ್ವನಿಗೆ ಸಿಟ್ಟು. "15 ರೂಪಾಯಿ ಫೀ ಕೊಟ್ಟು ಸುಮ್ನ ಕುಂದ್ರಾಕ ಹೊಕ್ಕೀ ಏನು? ಸುಮ್ನ ಕುಂದ್ರೂದು ಮನ್ಯಾಗ ಪುಕ್ಕಟೆ ಆಗ್ತೈತಿ" ಅಂತ. ನಾನು ಆ ಪಡಸಾಲೆಯ ಜಂತೆಗಳನ್ನು ಎಣಿಸಿದ್ದೆ, 14. ಗೋಡೆಯ ಮೇಲಿನ ಕ್ಯಾಲೆಂಡರಿನ ಲಕ್ಷ್ಮಿಯ ಕೈಯಿಂದ ಬೀಳುವ ನಾಣ್ಯ ಎಣಿಸಿದ್ದೆ, 22. ಇಪ್ಪತ್ತನೇ ದಿನ ಮಳೆ ಬರುತ್ತಿತ್ತು. ಕರೆಂಟ್ ಹೋಗಿತ್ತು. ಎಣಿಸಲು ಏನೂ ಕಾಣುತ್ತಿರಲಿಲ್ಲ. ನಾಲ್ಕನೇ ತಂತಿ ಬಿದ್ದು, ಅದರ ದಪ್ಪ ದನಿ ಇಳಿಯುತ್ತಾ ಹೋಗುವಾಗ, ಅದರ ತಲೆಯ ಮೇಲೆ ಎಲ್ಲೋ ಎತ್ತರದಲ್ಲಿ ಇನ್ನೊಂದು ಸಣ್ಣ ದನಿ ಎದ್ದಿತು. ಯಾರೋ ಪಕ್ಕದ ಮನೆಯಲ್ಲಿ ಗುನುಗಿದ ಹಾಗೆ. ನಾನು ನಿಜವಾಗಿ ಕಿಟಕಿಯ ಕಡೆ ನೋಡಿದೆ.

ಅಕ್ಕೋರು ಕತ್ತಲಲ್ಲೇ "ಬಂತಲ್ಲ" ಅಂದರು. ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ.

ಅದೇನು ಮಾಯವಲ್ಲ. ಒಂದು ತಂತಿ ಅಲುಗಿದಾಗ ಅದು ಇಡಿಯಾಗಿಯೂ ಅಲುಗುತ್ತದೆ, ಅರ್ಧವಾಗಿ, ಮೂರು ಪಾಲಾಗಿ, ನಾಲ್ಕು, ಐದು ಪಾಲಾಗಿಯೂ ಅಲುಗುತ್ತದೆ. ಐದನೇ ಪಾಲಿನ ದನಿಯೇ ಗಂಧಾರ, ಮೂಲ ಸಾದಿಂದ ಎರಡು ಸಪ್ತಕ ಮೇಲೆ. ಖರ್ಜದ, ಅಂದರೆ ಕೆಳಗಿನ ಸಾ ತಂತಿ ಸರಿಯಾಗಿ ಕೂಡಿದ್ದರೆ, ಜವಾರಿ ಸರಿ ಇದ್ದರೆ, ಅದು ಕೇಳುತ್ತದೆ. ಹಾಡುವವರು ಅದನ್ನು ಸ್ವಯಂಭೂ ಗಂಧಾರ ಅನ್ನುತ್ತಾರೆ. ಈ ಲೆಕ್ಕವೆಲ್ಲ ನನಗೆ ಗೊತ್ತಾದದ್ದು ಪಿಯುಸಿಯಲ್ಲಿ. ಫಿಸಿಕ್ಸ್ ಮೇಷ್ಟರು ಬೋರ್ಡಿನ ಮೇಲೆ ತಂತಿಯ ಚಿತ್ರ ಬರೆದು ಪಾಲು ಹಾಕಿದಾಗ, ಇಡೀ ಕ್ಲಾಸಿನಲ್ಲಿ ನಾನೊಬ್ಬಳೇ ನಕ್ಕಿದ್ದು. ಹೊರಗೆ ನಿಲ್ಲಿಸಿದರು.

ಫೀ ಮಾತು ಬಂತಲ್ಲ, ಅದನ್ನೂ ಹೇಳುತ್ತೇನೆ. ನಾನು ಎಂಟನೇ ಕ್ಲಾಸಿಗೆ ಬಂದಾಗ ಅಪ್ಪನ ಗಿರಣಿ ಕೆಲಸ ಹೋಯಿತು. ಎರಡು ತಿಂಗಳು ಫೀ ಕೊಡಲಿಲ್ಲ. ಮೂರನೇ ತಿಂಗಳು ನಾನೇ ಹೋಗುವುದು ಬಿಟ್ಟೆ. ನಾಲ್ಕನೇ ದಿನ ಅಕ್ಕೋರು ಮನೆ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. ಅವ್ವನಿಗೆ ಕೇಳುವ ಹಾಗೆ ನನಗೆ ಹೇಳಿದರು: "ಖುಂಟಿ ಜಾರಾಕತ್ತಾವು. ಖಡು ಬೇಕು. ನಿಮ್ಮ ಸಾಲ್ಯಾಗ ಬೋರ್ಡಿನ ಕೆಳಗ ತುಂಡು ಬಿದ್ದಿರ್ತಾವಲ್ಲ, ದಿನಾ ಒಂದ ಆರಿಸಿ ತಗೊಂಡು ಬಾ. ಅದ ಫೀ."

ಖಡು ಅಂದರೆ ಚಾಕ್‌ಪೀಸ್. ತಂಬೂರಿಯ ಖುಂಟಿಗೆ ಸವರಿದರೆ ಜಾರದೆ ಹಿಡಿದು ನಿಲ್ಲುತ್ತದೆ. ಸ್ವತಃ ಸಾಲೆ ಮಾಸ್ತರಿಣಿ ಅವರು. ಅವರ ಚೀಲದಲ್ಲೇ ಖಡು ಎಷ್ಟು ಬೇಕಾದರೂ ಇರುತ್ತಿತ್ತು ಅನ್ನುವುದು ನನಗೆ ಹೊಳೆದದ್ದು ಎಷ್ಟೋ ವರ್ಷ ಆದ ಮೇಲೆ. ಐದು ವರ್ಷ ನಾನು ಖಡು ತುಂಡು ಕೊಟ್ಟೆ. ಅವರು ಒಂದು ದಿನವೂ ಮರೆಯದೆ ಕೈ ಚಾಚಿ ಇಸಿದುಕೊಂಡರು. ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿಡುತ್ತಿದ್ದರು. ಅವರಿಗೆ ಕಲಿಸಿದವರು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದ ಒಬ್ಬ ಅಂಧ ಗವಾಯಿಗಳು. ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಆ ಆಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನ ಹಾಕಿ ಹಾಡು ಕಲಿಸಿದವರು. ಹಾಗಾಗಿ ನಮ್ಮ ಅಕ್ಕೋರು ಫೀ ಬಿಟ್ಟದ್ದರಲ್ಲಿ ದೊಡ್ಡ ಆಶ್ಚರ್ಯ ಇಲ್ಲ. ಬಿಟ್ಟದ್ದು ಗೊತ್ತಾಗದ ಹಾಗೆ ಬಿಟ್ಟರಲ್ಲ, ಅದು ಅವರದೇ ಸ್ವಂತದ್ದು.

ಇರಲಿ, ರಿಪೇರಿಗೆ ಬರೋಣ.

ಜನವರಿಯಲ್ಲಿ ಹೋದೆ. ಮಳೆಗಾಲದಲ್ಲಿ ಹೋಗಬೇಡಿ. ತೇವಕ್ಕೆ ಮರ ಉಬ್ಬುತ್ತದೆ, ಖುಂಟಿ ಬಿಗಿಯಾಗುತ್ತವೆ, ಆಗ ಕೂರಿಸಿದ ಜವಾರಿ ಬೇಸಿಗೆಗೆ ನಿಲ್ಲುವುದಿಲ್ಲ ಅಂತ ಉಸ್ತಾದರೇ ಹೇಳಿದರು. ಹುಬ್ಬಳ್ಳಿಯಿಂದ ರಾಣಿ ಚೆನ್ನಮ್ಮ ಗಾಡಿ ಸರಿಯಾಗುತ್ತದೆ. ಬೆಳಿಗ್ಗೆ ಹತ್ತಿದರೆ ಊಟದ ಹೊತ್ತಿಗೆ ಮಿರಜ. ತಂಬೂರಿಯನ್ನು ಅವ್ವನ ಹಳೇ ಕೌದಿಯಲ್ಲಿ ಸುತ್ತಿ ಮೇಲಿನ ಬರ್ತಿನಲ್ಲಿ ಮಲಗಿಸಿದೆ. ನಾನು ಕೆಳಗೆ ಕೂತೆ. ಧಾರವಾಡದಲ್ಲಿ ಹತ್ತಿದ ಒಬ್ಬ ಅಜ್ಜ ಮೇಲೆ ನೋಡಿ, "ಪೇಶಂಟ್ ಏನ್ರೀ?" ಅಂದ. ಹೌದು ಅಂದೆ. ಮೆಲ್ಲಗೆ ಮಾತಾಡತೊಡಗಿದ. ಲೋಂಡಾ ಬರುವತನಕ ನಿಜ ಹೇಳಲಿಲ್ಲ.

ಒಯ್ಯುವವರಿಗೆ ಒಂದು ಮಾತು: ತಂತಿಗಳನ್ನು ಸಡಿಲ ಮಾಡಿ, ಪೂರ್ತಿ ಬಿಚ್ಚಬೇಡಿ. ಬಿಚ್ಚಿದರೆ ಘೋಡಿ ಜಾಗ ಬಿಡುತ್ತದೆ. ಬುರುಡೆಯ ಕೆಳಗೆ ಮೆತ್ತನೆಯ ದಿಂಬು ಇರಲಿ. ಮರಕ್ಕೆ ಪೆಟ್ಟು ಬಿದ್ದರೆ ರಿಪೇರಿ ಸುಲಭ, ಬುರುಡೆ ಒಡೆದರೆ ಕಷ್ಟ. ಅದು ಮರವಲ್ಲ, ಒಣಗಿಸಿದ ಕುಂಬಳದಂಥ ಕಾಯಿ. ಪಂಢರಪುರದ ಕಡೆ ಬೆಳೆಯುತ್ತಾರೆ. ಅಲ್ಲಿಯವರು ಭೋಪಳಾ ಅನ್ನುತ್ತಾರೆ.

ಮಿರಜದಲ್ಲಿ ವಾದ್ಯ ಮಾಡುವವರು ಹಿಂದೆ ಕತ್ತಿ, ಆಯುಧಕ್ಕೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು. 19ನೇ ಶತಮಾನದ ನಡುವೆ ಫರೀದಸಾಹೇಬ ಅನ್ನುವವರು ಸಿತಾರ್, ತಂಬೂರಿ ಮಾಡತೊಡಗಿದರು. ಆಮೇಲೆ ಓಣಿಗೆ ಓಣಿಯೇ ಅದಕ್ಕಿಳಿಯಿತು. ನಾನು ಹೋದ ಅಂಗಡಿಯ ಗೋಡೆಯ ಮೇಲೆ ಒಂದು ಪ್ರಿಂಟೌಟ್ ಅಂಟಿಸಿದ್ದರು. ಮಿರಜದ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ, ಅದರ ಸುದ್ದಿ. ಮಗ ಅದನ್ನು ತೋರಿಸಿದ. ಅಪ್ಪ ಆ ಕಡೆ ತಿರುಗಿಯೂ ನೋಡಲಿಲ್ಲ.

ಅಪ್ಪ ಅಂದರೆ ಉಸ್ತಾದರು. 70ರ ಮೇಲೆ ವಯಸ್ಸು. "ತಾಯಿ, ಬಸಾ" ಅಂದರು. ಮರಾಠಿಯಲ್ಲಿ ತಾಯಿ ಅಂದರೆ ಅಕ್ಕ, ಬಸಾ ಅಂದರೆ ಕೂತುಕೊಳ್ಳಿ. ನನ್ನ ಕನ್ನಡದ ಕಿವಿಗೆ ಅವ್ವ ಅಂದಂತಾಯಿತು. ಹಿರಿಯರು ಹಾಗಂದರಲ್ಲ ಅಂತ ಎದ್ದು ನಿಲ್ಲುವುದರಲ್ಲಿದ್ದೆ. ಆಮೇಲೆ ಅವರೇ ಕನ್ನಡಕ್ಕೆ ಬಂದರು. ಗಡಿ ಊರು ಅಲ್ವಾ, ವ್ಯಾಪಾರ ಮಾಡುವವರಿಗೆ ಮೂರು ಭಾಷೆ ಬಾಯಲ್ಲೇ ಇರುತ್ತವೆ. ಕೌದಿ ಬಿಚ್ಚಿದರು. ತಂಬೂರಿಯನ್ನು ಮೀಟಲಿಲ್ಲ. ಬುರುಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದರು, ತೆಂಗಿನಕಾಯಿ ನೋಡಿದ ಹಾಗೆ. ತಬಲಿಯ ಮೇಲೆ ಅಂಗೈ ಸವರಿದರು. ಘೋಡಿ ನೋಡಿದ ಕೂಡಲೇ ಮುಖ ಕಿವುಚಿದರು.

"ಇದನ್ಯಾರ್ ಮಾಡಿದ್ರು?"

"ನಮ್ಮೂರಾಗರೀ."

"ಚಪಾತಿ ಮಣಿ ಮಾಡ್ಯಾರ."

ಕನ್ನಡದಲ್ಲಿ ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ.

ಸ್ವರ ಯಾವುದು ಅಂತ ಕೇಳಿದರು. ಕರಿ ನಾಲ್ಕು ಅಂದೆ, ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆ. ಖುಲ್ಲಾ ಜವಾರಿ ಬೇಕೋ, ಗೋಲ್ ಜವಾರಿಯೋ ಅಂದರು. ಖುಲ್ಲಾ ಅಂದರೆ ಝೇಂಕಾರ ಜಾಸ್ತಿ, ಹರಡಿದ ದನಿ. ಗೋಲ್ ಅಂದರೆ ದುಂಡಗೆ, ಅಂಚು ಕಡಿಮೆ. ನನಗೆ ಹೆಸರು ಹೇಳಲು ಬರಲಿಲ್ಲ. "ನಾಲ್ಕನೇ ತಂತಿಯೊಳಗ ಗಂಧಾರ ಕೇಳಬೇಕು, ಅಷ್ಟ" ಅಂದೆ. ಮಗ ನಕ್ಕ. ಉಸ್ತಾದರು ನಗಲಿಲ್ಲ. 8 ದಿನ ಬಿಟ್ಟು ಬನ್ನಿ ಅಂದರು.

ಸಂಜೆಯ ಗಾಡಿಗೆ ಇನ್ನೂ ಹೊತ್ತಿತ್ತು. ಅಕ್ಕೋರು ಒಂದು ಕೆಲಸ ಹೇಳಿ ಕಳಿಸಿದ್ದರು. ಮೀರಾಸಾಹೇಬರ ದರ್ಗಾಕ್ಕೆ ಹೋಗಿ ಬಾ ಅಂತ. ಹಿಂದೂಸ್ತಾನಿ ಹಾಡುಗಾರ ಖಾನ್ ಸಾಹೇಬ ಅಬ್ದುಲ್ ಕರೀಂ ಖಾನ್ ಅವರನ್ನು 1937ರಲ್ಲಿ ಮಣ್ಣು ಮಾಡಿದ್ದು ಅಲ್ಲೇ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಅವರ ಹತ್ತಿರ ಕಲಿತವರು ನಮ್ಮ ಗಂಗೂಬಾಯಿ ಹಾನಗಲ್ಲರು, ಗದುಗಿನ ಭೀಮಸೇನ ಜೋಶಿಯವರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಗಂಗೂಬಾಯಿ ರೈಲಿನಲ್ಲಿ ಹೋಗಿ ಬಂದು ಪಾಠ ಹೇಳಿಸಿಕೊಂಡವರು. ಮೇಲ್ ಬರ್ತ್ ಸಿಗಲಿಲ್ಲ ಅಂತ ನಾನು ಗೊಣಗುವಾಗಲೆಲ್ಲ ಅಕ್ಕೋರು ಈ ಕಥೆ ತೆಗೆಯುತ್ತಿದ್ದರು. ನಾನು ಧಾರವಾಡ ಪೇಡೆ ಇಟ್ಟು ಕೈ ಮುಗಿದೆ. ಸಕ್ಕರೆ ಮಾರುತ್ತಿದ್ದ ಹುಡುಗ "ಹಾಡ್ತೀರೇನ್ರಿ?" ಅಂದ. ಇಲ್ಲ, ಕೇಳ್ತೀನಿ ಅಂದೆ.

ಇನ್ನು ಬೈಗುಳ. 8 ದಿನ ಆಯಿತು, ಫೋನ್ ಎತ್ತಲಿಲ್ಲ. 12ನೇ ದಿನ ಎತ್ತಿ "ನಾಳಿ" ಅಂದರು. 15ನೇ ದಿನ ಮಗ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ, "ರೆಡಿ ಮೇಡಂ" ಅಂತ. ನೋಡಿದರೆ ಬೇರೆಯವರ ತಂಬೂರಿ. ನನಗೆ ಎದೆ ಧಸಕ್ ಅಂದಿತು. 57 ವರ್ಷದ ತಂಬೂರಿ ಅದಲುಬದಲಾದರೆ ಅಕ್ಕೋರಿಗೆ ಏನು ಹೇಳುವುದು? ತಿರುಗಿ ಫೋಟೋ ಕೇಳಿದೆ. ಎರಡು ದಿನ ಬಿಟ್ಟು ಬಂತು, ಬುರುಡೆಯ ಮೇಲೆ ಪಟ್ಟಿ ಬಿಗಿದಿದ್ದರು, ಪ್ಲಾಸ್ಟರ್ ಹಾಕಿದ ಕಾಲಿನ ಹಾಗೆ. ಈ ಅಂಗಡಿಗೆ ಕೊಡುವವರು ಮೊದಲೇ ನಾಲ್ಕೂ ಕಡೆಯಿಂದ ಫೋಟೋ ತೆಗೆದುಕೊಂಡಿರಿ, ತಾರೀಖು ಹಾಕಿದ ರಸೀದಿ ಬರೆಸಿಕೊಳ್ಳಿ. ಅವರ ಮನಸ್ಸಿನಲ್ಲಿ ಮೋಸ ಇಲ್ಲ. ಅವರ ಕ್ಯಾಲೆಂಡರ್ ಬೇರೆ, ಅಷ್ಟೇ.

26ನೇ ದಿನ ಮತ್ತೆ ರಜೆ ಹಾಕಿ ಹೋದೆ. ಜವಾರಿ ಇನ್ನೂ ಆಗಿರಲಿಲ್ಲ! ಉಳಿದದ್ದೆಲ್ಲ ಮುಗಿದಿತ್ತು. "ನೀವ್ ಬಂದ್ ಮ್ಯಾಲ ಮಾಡಬೇಕಂತ ಬಿಟ್ಟೀನಿ, ಕೇಳಾವ್ರು ನೀವಲ್ಲ" ಅಂದರು ಉಸ್ತಾದರು. ನೆಪವೋ ನಿಜವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಮುಂದಿನ ಎರಡೂವರೆ ಗಂಟೆ ನೋಡಿದ್ದಕ್ಕೆ ನನ್ನ ಸಿಟ್ಟೆಲ್ಲ ಇಳಿಯಿತು.

ಹೊಸ ಘೋಡಿ ಕೂರಿಸಿದ್ದರು, ಮೂಳೆಯದು. ದಂತ ಈಗ ಮುಟ್ಟುವ ಹಾಗಿಲ್ಲ. ನೆಲದ ಮೇಲೆ ಕೂತು ತಂಬೂರಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡರು. ತಂತಿ ಸಡಿಲ ಮಾಡಿ ಪಕ್ಕಕ್ಕೆ ಸರಿಸುವುದು. ಸಣ್ಣ ಅರದಿಂದ ಎರಡೇ ಎರಡು ಸಲ ತೀಡುವುದು. ಬಟ್ಟೆಯಿಂದ ಒರೆಸುವುದು. ಊದುವುದು. ತಂತಿ ಮತ್ತೆ ಕೂರಿಸಿ ಬಿಗಿ ಮಾಡಿ, ನೂಲು ಸಿಕ್ಕಿಸಿ, ಮೀಟುವುದು. ತಲೆ ಅಲ್ಲಾಡಿಸುವುದು. ಮತ್ತೆ ಮೊದಲಿನಿಂದ. ನೂಲನ್ನು ಸರಿಸುವಾಗ ಅವರ ಎರಡೂ ಹೆಬ್ಬೆರಳ ಉಗುರು ಮಾತ್ರ ಅಲುಗುತ್ತಿದ್ದವು. ಮೂಳೆಯ ಪುಡಿ ಅವರ ಕರಿ ಪ್ಯಾಂಟಿನ ಮೇಲೆ ಬಿದ್ದು ಬಿಳಿ ಆಗಿತ್ತು, ಬೋರ್ಡು ಒರೆಸಿ ಬಂದ ಮಾಸ್ತರರ ಹಾಗೆ. ನಡುವಿನ ಜೋಡಿ ಸಾ ತಂತಿ ಎರಡೂ ಬೇಗ ಬಾಯಿ ಬಿಟ್ಟವು. ಪಂಚಮ, ಅಂದರೆ ಪ ತಂತಿ, ಒಂದು ಗಂಟೆ ತಗೊಂಡಿತು. ಕಡೆಗೆ ಖರ್ಜ. ಮೀಟಿದರು. ದೊಡ್ಡ ದನಿ, ತುಂಬಿದ ದನಿ. ಮಗ "ವಾ" ಅಂದ. ನನ್ನನ್ನು ನೋಡಿದರು.

ಏನೂ ತೊಂದರೆ ಇರಲಿಲ್ಲ. ಯಾರಾದರೂ ಒಪ್ಪಿಬಿಡುತ್ತಿದ್ದರು. ಊರಿಗೆ ಹೋಗುವ ಗಾಡಿಗೂ ಹೊತ್ತಾಗುತ್ತಿತ್ತು. ಆದರೆ ಗಂಧಾರ ಇರಲಿಲ್ಲ. ದನಿ ಇಳಿಯುತ್ತಾ ಹೋಗಿ ನೆಲಕ್ಕೆ ಬಿದ್ದು ಹೋಗುತ್ತಿತ್ತು, ಮೇಲೆ ಏನೂ ಏಳುತ್ತಿರಲಿಲ್ಲ. ಕೇಳಸಲಾರದ್ದಕ್ಕ ಕೇಳಸ್ತು ಅನಬಾರದು.

"ಇನ್ನೂ ಬಂದಿಲ್ಲರೀ" ಅಂದೆ. ನನ್ನ ದನಿ ನನಗೇ ಅಪರಿಚಿತ ಅನ್ನಿಸಿತು. ಕ್ಯಾಶ್ ಕೌಂಟರಿನಲ್ಲಿ ನಾನು ಅಷ್ಟು ಗಟ್ಟಿಯಾಗಿ ಮಾತಾಡುವವಳಲ್ಲ.

ಮಗ ಏನೋ ಹೇಳಲು ಹೋದ. ಉಸ್ತಾದರು ಕೈ ತೋರಿಸಿ ತಡೆದರು. ಮತ್ತೆ ಮೀಟಿ ಕಿವಿಯನ್ನು ಬುರುಡೆಗೆ ಹತ್ತಿರ ತಂದರು. ಎರಡು ಸಲ, ಮೂರು ಸಲ. ಆಮೇಲೆ ಎದ್ದು ಹೋಗಿ ಒಳಗಿನ ಡಬ್ಬಿಯಿಂದ ಬೇರೆ ಹಿತ್ತಾಳೆ ತಂತಿಯ ಸುರುಳಿ ತಂದರು. "ತಂತಿ ಥೋಡೆ ತೆಳ್ಳಗ ಆಗೇದ" ಅಂದರು. ಹುಡುಗನನ್ನು ಚಹಾಕ್ಕೆ ಕಳಿಸಿದರು. ಹಾಕಿದ್ದ ತಂತಿ ಬಿಚ್ಚಿ ದಪ್ಪನೆಯದು ಕಟ್ಟಿದರು. ಮತ್ತೆ ಅರ, ಮತ್ತೆ ನೂಲು. ಚಹಾ ಬಂತು, ಆರಿತು. ಖುಂಟಿ ಒಂದು ಸಲ ಜಾರಿತು. ಉಸ್ತಾದರು ಕೈ ಚಾಚಿದರು, ಹುಡುಗ ಖಡು ತುಂಡು ಕೊಟ್ಟ. ನಾನು ಆ ಕಡೆ ನೋಡದೆ ಬೆಕ್ಕನ್ನು ನೋಡಿದೆ.

ಆಮೇಲೆ ಮೀಟಿದರು. ಅದು ಬಂತು.

ಅವರಿಗೂ ಕೇಳಿಸಿತು. ನಾನು ಹೇಳುವ ಮೊದಲೇ ಕನ್ನಡಕ ತೆಗೆದು ಒರೆಸಿಕೊಂಡರು. ಎರಡನೇ ತಂತಿಗೆ ದುಡ್ಡು ಕೇಳಲಿಲ್ಲ. ಜವಾರಿಗೆ ಐದಕ್ಕೆ ಐದು ಅಂದೆನಲ್ಲ, ಆ ಎರಡೂವರೆ ಗಂಟೆಗೆ. ಇಂಥ ಕೆಲಸಕ್ಕೆ 1,800 ರೂಪಾಯಿ ಕಡಿಮೆಯೇ.

ಪಾಲಿಶ್ ಮಾತು. ನಾನು ಮೊದಲೇ ಹೇಳಿದ್ದೆ, ಬುರುಡೆಗೆ ಮಾತ್ರ ಪಾಲಿಶ್ ಮಾಡಿ, ಮೇಲಿನ ಉದ್ದನೆಯ ಮರದ ದಂಡಿ ಮುಟ್ಟಬೇಡಿ ಅಂತ. ಆ ದಂಡಿಯ ಬಲಗಡೆ, ಮೀಟುವ ಕೈ ಇಡುವ ಜಾಗದಲ್ಲಿ, ಒಂದು ಕಪ್ಪು ಕಲೆ ಇತ್ತು. ಅಂಗೈ ಅಗಲದ್ದು. ಅಕ್ಕೋರ ಹೆಬ್ಬೆರಳು 50 ವರ್ಷ ಕೂತು ಕೂತು, ಬೆವರು ಎಣ್ಣೆ ಹೀರಿ, ಅಲ್ಲಿನ ಮರ ಸವೆದು ಸಣ್ಣ ತಗ್ಗಾಗಿತ್ತು. ನನ್ನ ಹೆಬ್ಬೆರಳು ಅದರಲ್ಲಿ ಸರಿಯಾಗಿ ಕೂರುತ್ತಿತ್ತು. ಪಾಲಿಶ್ ಹುಡುಗ ಅದನ್ನು ಕೊಳೆ ಅಂದುಕೊಂಡ. ಮೇಣ ತುಂಬಿ, ತಿಕ್ಕಿ, ಹೊಸ ಬಣ್ಣ ಹೊಡೆದು ಕನ್ನಡಿ ಮಾಡಿಟ್ಟಿದ್ದ. ಈಗ ತಂಬೂರಿ ಮದುವೆ ಹಾಲಿನ ಕುರ್ಚಿಯ ಹಾಗೆ ಹೊಳೆಯುತ್ತದೆ. ನಾನು ಬೈದೆ. ಉಸ್ತಾದರಿಗೆ ವಿಷಯ ಗೊತ್ತಾಗಿ ಹುಡುಗನಿಗೆ ಇನ್ನೂ ಜಾಸ್ತಿ ಬೈದರು. ದುಡ್ಡು ವಾಪಸ್ ಕೊಡಲು ಬಂದರು, ತಗೊಳ್ಳಲಿಲ್ಲ. ವಾಪಸ್ ತಗೊಂಡು ಏನು ಮಾಡಲಿ? ನಿಮ್ಮ ತಂಬೂರಿ ಹಳೆಯದಾಗಿದ್ದರೆ, ಯಾವ ಜಾಗ ಮುಟ್ಟಬಾರದೋ ಅಲ್ಲಿ ಕಾಗದ ಅಂಟಿಸಿ, ಮರಾಠಿಯಲ್ಲೂ ಬರೆದು ಕೊಡಿ. ಬಾಯಿಮಾತಿನಲ್ಲಿ ಹೇಳಿದರೆ ಒಳಗಿನ ಕೆಲಸದವರ ತನಕ ಹೋಗುವುದಿಲ್ಲ.

ಕೆಲವರು ಕೇಳಿದರು, ಇಷ್ಟು ದುಡ್ಡಿಗೆ ಒಳ್ಳೆಯ ಎಲೆಕ್ಟ್ರಾನಿಕ್ ತಂಬೂರಿ ಬರುತ್ತಿತ್ತಲ್ಲ ಅಂತ. ಬರುತ್ತದೆ. ನನ್ನ ಹತ್ತಿರ ಒಂದು ಇದೆ, ಫೋನಿನಲ್ಲಿ ಆ್ಯಪೂ ಇದೆ. ದಿನದ ರಿಯಾಜಿಗೆ, ಪ್ರಯಾಣಕ್ಕೆ ಅವು ಚೆನ್ನ. ಮಕ್ಕಳು ಬೀಳಿಸಿದರೂ ಚಿಂತೆ ಇಲ್ಲ. ಆದರೆ ಅದರ ಎದುರು 19 ದಿನ ಸುಮ್ನೆ ಕೂರಲು ನನ್ನಿಂದ ಆಗುವುದಿಲ್ಲ. ಸ್ವಿಚ್ ಹಾಕಿದ ಕೂಡಲೇ ಎಲ್ಲ ಸರಿ ಇರುತ್ತದೆ. ಸರಿ ಮಾಡಲು ಏನೂ ಇರುವುದಿಲ್ಲ.

ಹುಬ್ಬಳ್ಳಿಗೆ ಬಂದ ಭಾನುವಾರ ತಂಬೂರಿಯನ್ನು ಆಟೋದಲ್ಲಿ ಅಕ್ಕೋರ ಮನೆಗೆ ಒಯ್ದೆ. ಅವರಿಗೆ ಕಿವಿ ಈಗ ಮಂದ. ಮಷೀನ್ ಕೊಡಿಸಿದ್ದಾರೆ, ಹಾಕಿಕೊಳ್ಳುವುದಿಲ್ಲ. ಫೋನ್ ರಿಂಗ್ ಆದರೆ ಗೊತ್ತಾಗುವುದಿಲ್ಲ. ಅದಕ್ಕೇ ನಾನು ಹೆಚ್ಚೇನೂ ನಿರೀಕ್ಷೆ ಇಟ್ಟುಕೊಂಡಿರಲಿಲ್ಲ. ಮಂಚದ ಪಕ್ಕ ಕೂತು ಸ್ವರ ಕೂಡಿಸಿದೆ. ಅವರು ಮೊದಲು ಮಾಡಿದ ಕೆಲಸ, ದಂಡಿಯ ಮೇಲೆ ಹೆಬ್ಬೆರಳು ಇಟ್ಟಿದ್ದು. ಆ ಜಾಗದಲ್ಲಿ ಆಚೆ ಈಚೆ ಸವರಿದರು.

"ನುಣ್ಣಗ ಆಗೇತಲ್ಲ" ಅಂದರು.

ನಾನು ಹೇಳಬೇಕು ಅಂತ ಬಾಯಿ ತೆರೆದೆ. "ಇರಲಿ, ನಿನಗ ಬೇಕಾದಂಗ ಸವಸಿಕೋ" ಅಂದರು. "ಎಷ್ಟ ತಗೊಂಡಾ?"

7,350 ಅಂದೆ, ಎರಡು ಸಲ, ಜೋರಾಗಿ.

"ಜಾಸ್ತಿ ಆತು. ಬಾರಿಸು."

ಅಂಗೈಯನ್ನು ಬುರುಡೆಯ ಮೇಲೆ ಚಪ್ಪಟೆಯಾಗಿ ಇಟ್ಟು ಕಣ್ಣು ಮುಚ್ಚಿದರು. ನಾನು ಮೀಟಿದೆ. ಪ, ಸಾ, ಸಾ, ಸಾ. ತುಂಬಾ ಹೊತ್ತು ಮೀಟಿದೆ. ಒಳಗಿನಿಂದ ಸೊಸೆ ಕುಕ್ಕರ್ ಕೂಗಿಸಿದರು, ಅದು ಅಕ್ಕೋರಿಗೆ ಗೊತ್ತೇ ಆಗಲಿಲ್ಲ. ನಿದ್ದೆ ಹೋದರೇನೋ ಅಂತ ನಾನು ನಿಲ್ಲಿಸುವುದರಲ್ಲಿದ್ದೆ.

"ಪಂಚಮ ಒಂದ ಎಳಿ ಕೆಳಗ ಅದ" ಅಂದರು.

ಕಿವಿಗೊಟ್ಟು ಕೇಳಿದೆ. ಹೌದು, ಇತ್ತು. ಮೀಟುತ್ತಾ ಮೀಟುತ್ತಾ ಇಳಿದಿರಬೇಕು. ಸ್ವರ ಸೂಕ್ಷ್ಮವಾಗಿ ಕೂಡಿಸಲು ಘೋಡಿಯ ಕೆಳಗೆ ತಂತಿಗೆ ಪೋಣಿಸಿದ ಮಣಿಯನ್ನು ಉಗುರಿನಿಂದ ಒಂದು ಚೂರು ಕೆಳಗೆ ತಳ್ಳಿದೆ.

"ಹಾಂ. ಈಗ ಬಾರಿಸು."